ಬೀದಿಬದಿಯವರ ಅಹವಾಲು
(ಬಾನುಲಿ ಭಾಷಣ)

ಒಬ್ಬನ ಬಾಳು ಕೆಟ್ಟಿತೆಂದು ಹೇಳಬೇಕಾದಾಗ ಕನ್ನಡದಲ್ಲಿ 'ಬೀದಿಪಾಲಾದ' ಎನ್ನುತ್ತೇವೆ. ಬೀದಿಗೆ ಬಂದವನಿಗೆ ಅದಕ್ಕಿಂತ ಕೆಳಗೆ ಇಳಿಯಲು ಮೆಟ್ಟಿಲಿಲ್ಲವೆಂಬುದು ಈ ಮಾತಿನ ಹಿಂದಿರುವ ನಂಬಿಕೆ. ಮುಂಬಯಿಯ ಬೀದಿಬದಿಯಲ್ಲಿ ಸಂಸಾರ ಹೂಡಿದ್ದವರಿಗೆ ಅದಕ್ಕೂ ಕೆಳಗೆ ಇನ್ನೊಂದು ಮೆಟ್ಟಿಲುಂಟೆಂದು 1981ರ ಜುಲೈ ತಿಂಗಳಿನಲ್ಲಿ ತಿಳಿಯಿತು. ಆ ತಿಂಗಳ 13ರಂದು ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಲೆಯವರು, ನಗರದ ಫುಟ್‌ಪಾತುಗಳ ಮೇಲೆ ಬಿಡಾರ ಮಾಡಿರುವವರನ್ನೆಲ್ಲ ಬಲವಂತದಿಂದ ಎಬ್ಬಿಸಿ ಅವರವರ ಊರುಗಳಿಗೆ, ಇಲ್ಲವೇ ನಗರದ ಹೊರಗಿನ ಎಡೆಗಳಿಗೆ ಸಾಗಿಸಲಾಗುವುದೆಂದು ಸಾರಿದರು. ಮಹಾನಗರಪಾಲಿಕೆಗೆ ನೆರವಾಗುವಂತೆ ಪೊಲೀಸ್ ಕಮಿಷನರರಿಗೆ ಅಪ್ಪಣೆಯಾಯಿತು. ಮುಂದಿಟ್ಟ ಕಾರಣ ಕರುಣೆಯದು: ಇದು ಮನುಷ್ಯರು ಬಾಳುವ ರೀತಿಯಲ್ಲ, ಗಾಳಿಮಳೆಗೆ ತೆರೆದ ಈ ಗೂಡುಗಳಲ್ಲಿ ಮಳೆಗಾಲ ಕಳೆಯುವುದು ಯಾರಿಂದಲೂ ಆಗದು, ಎಂದು. ಮಾತು ಸುಳ್ಳಲ್ಲ. ಆದರೆ ಮಳೆಯಿಂದ ಕಾಪಾಡುವುದಕ್ಕಾಗಿ ಮಳೆಗಾಲದ ನಟ್ಟನಡುವೆ ತಲೆಯ ಮೇಲಿನ ಸೂರನ್ನು ಕೀಳುವ ಕರುಣೆ ಅದು.

ಹತ್ತು ದಿನ ಕಳೆಯುವಷ್ಟರಲ್ಲಿ, ಜುಲೈ 23ರಂದು, ಪಾಲಿಕೆಯ ಮಂದಿ ಒಬ್ಬ ಕೂಲಿಕಾರನ ಬಿಡಾರವನ್ನು ಕೆಡವಿದರು. ಈತ ತಮಿಳುನಾಡಿನ ಸೇಲಂ ಕಡೆಯವನು. ಹೊಲವಿಲ್ಲದ ಆಳು. ಬರಗಾಲದಿಂದ ಕೆಲಸವಿಲ್ಲದೆ 1961ರಲ್ಲಿ ಮುಂಬಯಿಗೆ ಬಂದಿದ್ದ. ದಹಿಸರದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ದಿನಕ್ಕೆ 23 ರೂಪಾಯಿಯ ಕೆಲಸ ಸಿಕ್ಕಿತ್ತು. ಪಶ್ಚಿಮದ ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆ ಮತ್ತು ಕ್ಯಾನ್ವಾಸ್ ಬಟ್ಟೆಯ ಮರೆಯಲ್ಲಿ ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳೊಡನೆ ಇದ್ದ. ಅಂದು ಆ ಕುಟುಂಬವನ್ನು ಸೇಲಮ್ಮಿನ ಬಸ್ಸಿಗೆ ಹತ್ತಿಸಿದರು. ಹೆಂಡತಿ, ಮಕ್ಕಳು ಊರಿನಲ್ಲಿಯೇ ಉಳಿದರು. ಆತ ಮಾತ್ರ ಕೆಲಸ ಹುಡುಕಿಕೊಂಡು ಮುಂಬಯಿಗೆ ಮರಳಿದ. ಮತ್ತೊಂದು ಫುಟ್‌ಪಾತಿನ ಗೂಡನ್ನು ಸೇರಿದ. ಸರ್ಕಾರದ ಖರ್ಚಿನಲ್ಲಿ ನಡೆದ ಈ ಪಯಣದಿಂದ ಆದದ್ದಿಷ್ಟೆ: ಒಂದು ಸಂಸಾರ ಎರಡು ತುಂಡಾಯಿತು, ಫುಟ್‌ಪಾತು ಇದ್ದಂತೆಯೇ ಇತ್ತು.

ಈ ಸಂಗತಿಗಳು ಯಾವುದೋ ಕಾದಂಬರಿಯವಲ್ಲ. ದೇಶದ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದರಲ್ಲಿ ದಾಖಲಾಗಿರುವವು. ಅದೇ ತೀರ್ಪಿನಲ್ಲಿ ಇನ್ನೊಬ್ಬನೂ ಇದ್ದಾನೆ. ಅಹಮದ್‌ನಗರ ಜಿಲ್ಲೆಯ ಸಂಗಮನೇರದವನು, ಚಮ್ಮಾರ. ಊರಿನಲ್ಲಿ ದಿನಕ್ಕೆ ಏಳೆಂಟು ರೂಪಾಯಿ ಸಂಪಾದನೆಯಿತ್ತು. ಇದ್ದ ಮನೆ ಬಿದ್ದುಹೋಯಿತು. 1969ರಲ್ಲಿ ಮುಂಬಯಿಗೆ ಬಂದು ತಿಂಗಳಿಗೆ 350 ರೂಪಾಯಿಯ ಬದಲಿ ಕೆಲಸ ಹಿಡಿದ. ತುಳಸೀವಾಡಿಯ ಫುಟ್‌ಪಾತಿನಲ್ಲಿ ಜಾಗ ಪಡೆಯಲು ಅಲ್ಲಿನ ಗೂಂಡಾ ಒಬ್ಬನಿಗೆ 300 ರೂಪಾಯಿ ಕೊಟ್ಟ. ಬಿದಿರು ಮತ್ತು ಪ್ಲಾಸ್ಟಿಕ್ಕಿಗೆ 700 ಆಯಿತು. ಸೇಲಮ್ಮಿನವನಿಂದ ಇಂಥದೇ ದಲ್ಲಾಳಿಯೊಬ್ಬ ವಸೂಲು ಮಾಡಿದ್ದು 2,500 ರೂಪಾಯಿ. ಬೀದಿಯಲ್ಲಿ ಮಲಗುವವರು ಪುಕ್ಕಟೆಯಾಗಿ ಮಲಗುತ್ತಾರೆಂದು ಓದುಬರಹ ಬಲ್ಲವರೂ ಆಡುವುದುಂಟು. ನೂರು ದಿನದ ಕೂಲಿಗಿಂತ ಹೆಚ್ಚನ್ನು ತೆತ್ತು, ರಸೀದಿಯಿಲ್ಲದ, ನಾಳೆಯ ಭರವಸೆಯಿಲ್ಲದ ನಾಲ್ಕು ಗಜ ಕಲ್ಲನ್ನು ಕೊಂಡವರು ಇವರು.

ಯಶವಂತ ಚಿತ್ತಾಲರ, ಜಯಂತ ಕಾಯ್ಕಿಣಿಯವರ ಕಥೆಗಳಿಂದ ಮುಂಬಯಿಯನ್ನು ಬಲ್ಲ ಕನ್ನಡ ಓದುಗರಿಗೆ, ಆ ನಗರದಲ್ಲಿ ಕೆಲಸ ಸಿಕ್ಕಷ್ಟು ಸುಲಭವಾಗಿ ಕೋಣೆ ಸಿಕ್ಕುವುದಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ. ಊರಾಚೆ ಜಾಗ ಕೊಟ್ಟರೂ ಬೆಳಗ್ಗೆ ಕೆಲಸಕ್ಕೆ ಬರಲು ರೈಲಿನ ಕಾಸು ಬೇಕು. ಮನೆಗೆಲಸದ ಹೆಂಗಸಿಗೆ ಒಂದು ಗಂಟೆ ತಡವಾದರೆ ಆ ಕೆಲಸ ಇನ್ನೊಬ್ಬಳ ಪಾಲು. ಆದುದರಿಂದ ಕೆಲಸವಿರುವೆಡೆಯಲ್ಲಿಯೇ ಮಲಗಬೇಕು. ಈ ಸರಳ ಲೆಕ್ಕವೇ ಮುಂದೆ ಸಂವಿಧಾನದ ದೊಡ್ಡ ವಾದವಾಗಿ ಬೆಳೆಯಿತು.

ಮುಖ್ಯಮಂತ್ರಿಗಳ ಘೋಷಣೆಯ ಬೆನ್ನಿಗೇ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಅರ್ಜಿಗಳ ಒಂದು ತಂಡದಲ್ಲಿ ಪತ್ರಕರ್ತೆ ಓಲ್ಗಾ ಟೆಲಿಸ್ ಅವರಿದ್ದರು. ಇಡೀ ಪ್ರಕರಣ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. ಇನ್ನೊಂದು ತಂಡದಲ್ಲಿ ವಿಲೇಪಾರ್ಲೆಯ ಹೆದ್ದಾರಿಯ ಬಳಿಯ ಕಾಮರಾಜನಗರವೆಂಬ ಬಸ್ತಿಯವರು, ಮಾಹಿಮಿನ ತುಳಸಿ ಪೈಪ್ ರಸ್ತೆಯವರು, ಅವರೊಂದಿಗೆ ನಾಗರಿಕ ಹಕ್ಕುಗಳಿಗಾಗಿ ದುಡಿಯುವ ಎರಡು ಸಂಸ್ಥೆಗಳು. ಕಾಮರಾಜನಗರದ ಕಥೆಯಲ್ಲಿ ಒಂದು ವಿಡಂಬನೆಯಿದೆ. 1960ರ ಸುಮಾರಿಗೆ ಅಲ್ಲಿ ಗುಡಿಸಲು ಕಟ್ಟಿಕೊಂಡವರು ಆ ಹೆದ್ದಾರಿಯ ಉದ್ದಕ್ಕೆ ನೀರಿನ ಕೊಳವೆ ಹಾಕಲು ಬಂದ ಕೆಲಸಗಾರರು. ಕೊಳವೆಯ ಕೆಲಸ ಮುಗಿಯಿತು; ಅದನ್ನು ಹಾಕಿದವರು ರಸ್ತೆಗೆ ಅಡ್ಡಿಯಾದರು.

ವಿವಾದ ಮೊದಲು ಹೋದದ್ದು ಮುಂಬಯಿಯ ಉಚ್ಚ ನ್ಯಾಯಾಲಯಕ್ಕೆ. ಅಲ್ಲಿ ತಾತ್ಕಾಲಿಕ ತಡೆಯಾಜ್ಞೆಯೇನೋ ದೊರೆಯಿತು. ಆದರೆ ಬೀದಿಬದಿಯವರ ಪರವಾಗಿ ಅಲ್ಲಿಯೇ ಒಂದು ಮಾತನ್ನು ಒಪ್ಪಿಕೊಳ್ಳಲಾಯಿತು: ಫುಟ್‌ಪಾತಿನ ಮೇಲಾಗಲಿ ಸಾರ್ವಜನಿಕ ರಸ್ತೆಯ ಮೇಲಾಗಲಿ ಗುಡಿಸಲು ಹಾಕುವ ಮೂಲಭೂತ ಹಕ್ಕು ತಮಗಿದೆಯೆಂದು ತಾವು ವಾದಿಸುವುದಿಲ್ಲ, 1981ರ ಅಕ್ಟೋಬರ್ 15ರ ನಂತರ ಕೆಡವಿದರೆ ಅಡ್ಡಿಪಡಿಸುವುದಿಲ್ಲ. ಮಳೆಗಾಲವೊಂದು ಕಳೆದರೆ ಸಾಕು ಎಂಬ ಸ್ಥಿತಿಯಲ್ಲಿರುವವನು ಯಾವ ಕಾಗದಕ್ಕೆ ತಾನೆ ಒಪ್ಪುವುದಿಲ್ಲ? ಮುಂದೆ ಸರ್ವೋಚ್ಚ ನ್ಯಾಯಾಲಯದಲ್ಲಿ ಪಾಲಿಕೆ ಈ ಒಪ್ಪಿಗೆಯನ್ನೇ ಎತ್ತಿಹಿಡಿಯಿತು. ಒಮ್ಮೆ ಕೊಟ್ಟ ಮಾತನ್ನು ಈಗ ಅಲ್ಲಗಳೆಯುವಂತಿಲ್ಲ, ಇವರ ಅರ್ಜಿಯನ್ನು ಕೇಳಲೇಬಾರದು, ಎಂದಿತು. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಸಂವಿಧಾನಕ್ಕೆ ವಿರುದ್ಧವಾಗಿ ಯಾರ ಒಪ್ಪಿಗೆಯೂ ನಿಲ್ಲದು. ಮೂಲಭೂತ ಹಕ್ಕು ಒಬ್ಬ ವ್ಯಕ್ತಿಯ ಲಾಭಕ್ಕಾಗಿ ಮಾತ್ರ ಇರುವುದಲ್ಲ, ಸಮಾಜದ ಹಿತಕ್ಕಾಗಿ ಇರುವುದು. ಆದುದರಿಂದ ಅದನ್ನು ಬಿಟ್ಟುಕೊಡುವ ಅಧಿಕಾರ ಆ ವ್ಯಕ್ತಿಗೂ ಇಲ್ಲ ಎಂದಿತು. ಕಾನೂನಿನ ವಿದ್ಯಾರ್ಥಿಗಳು ಈ ಪ್ರಕರಣವನ್ನು ಬೇರೆ ಕಾರಣಕ್ಕಾಗಿ ಓದುತ್ತಾರೆ. ನನಗಾದರೋ ಇಡೀ ತೀರ್ಪಿನಲ್ಲಿ ಬಡವರಿಗೆ ಅತ್ಯಂತ ಹತ್ತಿರವಾದ ಮಾತು ಇದೆಂದು ತೋರುತ್ತದೆ. ಹೆಬ್ಬೆಟ್ಟೊತ್ತಿ ಹಕ್ಕು ಕಳೆದುಕೊಂಡವರ ಕಥೆಗಳೇ ನಮ್ಮ ನಾಡಿನ ಭೂಮಿಯ ಚರಿತ್ರೆಯ ಅರ್ಧಭಾಗವಲ್ಲವೆ?

ಇಂದಿರಾ ಜೈಸಿಂಗ್, ವಿ. ಎಂ. ತಾರ್ಕುಂಡೆ, ರಾಮ್ ಜೇಠ್ಮಲಾನಿ ಮೊದಲಾದ ವಕೀಲರು ಬೀದಿಬದಿಯವರ ಪಕ್ಷದಲ್ಲಿ ನಿಂತರು. ಅವರ ಮುಂದಿದ್ದ ತೊಡಕು ಸಣ್ಣದಲ್ಲ. ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ 'ಮನೆ'ಯ ಹಕ್ಕೆಂಬುದು ಎಲ್ಲಿಯೂ ಇಲ್ಲ. ಇರುವುದು 21ನೆಯ ವಿಧಿ: ಕಾನೂನು ವಿಧಿಸಿದ ಕ್ರಮವನ್ನು ಬಿಟ್ಟು ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಹರಣ ಮಾಡುವಂತಿಲ್ಲ. ಆ ಕ್ರಮವೂ ನ್ಯಾಯಸಮ್ಮತವಾಗಿರಬೇಕೆಂದು 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ತೀರ್ಮಾನವಾಗಿತ್ತು. ಆದರೆ 'ಪ್ರಾಣ'ದಲ್ಲಿ ಜೀವನೋಪಾಯ ಸೇರುವುದಿಲ್ಲವೆಂದು ಇದೇ ನ್ಯಾಯಾಲಯ 1960ರಲ್ಲಿ ಹೇಳಿತ್ತು. ವಕೀಲರು ಮನೆಯ ಬಾಗಿಲನ್ನು ತಟ್ಟದೆ ಹಿತ್ತಿಲಿನಿಂದ ಬಂದರು. ಫುಟ್‌ಪಾತಿನಿಂದ ಎಬ್ಬಿಸಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಅನ್ನ ಹೋಗುತ್ತದೆ. ಅನ್ನ ಹೋದರೆ ಉಳಿಯುವ ಪ್ರಾಣವೆಂಥದು?

ಇನ್ನೊಂದು ವಾದ ನೋಟೀಸಿನದು. 1888ರ ಮುಂಬಯಿ ಮಹಾನಗರಪಾಲಿಕೆ ಕಾಯಿದೆಯ 314ನೆಯ ಪ್ರಕರಣದ ಮೇರೆಗೆ ರಸ್ತೆಯ ಮೇಲಿನ ಒತ್ತುವರಿಯನ್ನು ಕಮಿಷನರರು ನೋಟೀಸು ಕೊಡದೆಯೇ ತೆಗೆಸಬಹುದು. ವಿಕ್ಟೋರಿಯಾ ರಾಣಿಯ ಕಾಲದ ಕಾಯಿದೆ. ಆದರೆ ಆ ರಾಣಿಯ ಕಾಲದ ಲಂಡನ್ನಿನಲ್ಲಿಯೇ ಇದಕ್ಕೆ ಎದುರಾದ ಮಾತೂ ಹುಟ್ಟಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 1863ರಲ್ಲಿ ವಾಂಡ್ಸ್‌ವರ್ತ್ ಎಂಬಲ್ಲಿ ಕೂಪರ್ ಎಂಬಾತ ಮನೆ ಕಟ್ಟಲು ತೊಡಗಿದ್ದ. ಕೆಲಸ ಆರಂಭಿಸುವ ಏಳು ದಿನ ಮೊದಲು ಸ್ಥಳೀಯ ಮಂಡಲಿಗೆ ತಿಳಿಸಬೇಕೆಂಬ ನಿಯಮವನ್ನು ಸರಿಯಾಗಿ ಪಾಲಿಸಿರಲಿಲ್ಲ. ಗೋಡೆ ಎರಡನೆಯ ಅಂತಸ್ತಿಗೆ ಬರುವಷ್ಟರಲ್ಲಿ ಮಂಡಲಿ ಆಳುಗಳನ್ನು ಕಳುಹಿಸಿ ಕೆಡವಿಸಿತು. ಕೆಡವಬಹುದೆಂದು ಕಾಯಿದೆಯಲ್ಲಿತ್ತು, ಮೊದಲು ವಿಚಾರಿಸಬೇಕೆಂದು ಇರಲಿಲ್ಲ. ಆದರೂ ನ್ಯಾಯಾಧೀಶರು ಕೂಪರನ ಪಕ್ಷ ವಹಿಸಿದರು. ಶಾಸಕರು ಬರೆಯಲು ಮರೆತದ್ದನ್ನು ನ್ಯಾಯವೇ ತುಂಬಿಕೊಡುತ್ತದೆ ಎಂಬುದು ಅವರ ಸಮಾಧಾನ. ಅದಕ್ಕೆ ಅವರು ಆಧಾರ ಹುಡುಕಿದ್ದು 1723ರ ಒಂದು ವ್ಯಾಜ್ಯದಲ್ಲಿ. ಫಲಾರಿಸನ ಪತ್ರಗಳು ಖೋಟಾ ಎಂದು ತೋರಿಸಿಕೊಟ್ಟ ಮಹಾವಿದ್ವಾಂಸ ರಿಚರ್ಡ್ ಬೆಂಟ್ಲಿಯ ಹೆಸರು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತ. ಜಗಳಗಂಟನಾದ ಆತನ ಪದವಿಗಳನ್ನೆಲ್ಲ ಕೇಂಬ್ರಿಜ್ ವಿಶ್ವವಿದ್ಯಾಲಯ ಆತನನ್ನು ವಿಚಾರಿಸದೆಯೇ ಕಿತ್ತುಕೊಂಡಿತ್ತು. ಆಗ ನ್ಯಾಯಮೂರ್ತಿ ಫೋರ್ಟೆಸ್ಕ್ಯೂ, ದೇವರು ಕೂಡ ಆದಾಮನನ್ನು ಕರೆದು ಕೇಳದೆ ಶಿಕ್ಷೆ ಕೊಡಲಿಲ್ಲ ಎಂದರು. ಎಲ್ಲ ತಿಳಿದ ದೇವರಿಗೆ ಆದಾಮನ ಉತ್ತರ ತಿಳಿಯದೆ? ಆದರೂ ಕೇಳಿದ. ಏದೆನ್ ತೋಟದಿಂದ ಹೊರಹಾಕಿದ್ದು ಮನುಷ್ಯನನ್ನು ಒಕ್ಕಲೆಬ್ಬಿಸಿದ ಮೊದಲ ಪ್ರಸಂಗವೆಂದು ತಿಳಿದರೆ, ಅದರಲ್ಲಿಯೂ ಅಹವಾಲು ಕೇಳುವ ಕ್ರಮ ತಪ್ಪಿರಲಿಲ್ಲ.

ಇತ್ತ ಪಾಲಿಕೆಯ ವಾದ ಬೇರೆ. ಫುಟ್‌ಪಾತಿನ ಮೇಲೆ ಗುಡಿಸಲು ಹಾಕಿದವನು ಅತಿಕ್ರಮಿಯೆಂಬುದು ಕಣ್ಣಿಗೆ ಕಾಣುತ್ತದೆ, ಅವನನ್ನು ಕರೆದು ಕೇಳಿದರೂ ಹೇಳುವುದೇನೂ ಇಲ್ಲ, ಹಾಗಿರುವಾಗ ನೋಟೀಸೇಕೆ? ವ್ಯವಹಾರಕ್ಕೆ ಒಪ್ಪುವ ಮಾತೆಂದೇ ಮೊದಲ ನೋಟಕ್ಕೆ ತೋರುತ್ತದೆ. ಇದಕ್ಕೆ ನ್ಯಾಯಾಲಯದ ಉತ್ತರ ಹೀಗಿತ್ತು: ಹೇಳುವುದೇನಿದೆ ಎಂಬುದು ಕೇಳಿದ ಮೇಲಲ್ಲವೆ ತಿಳಿಯುವುದು, ನ್ಯಾಯ ಸಲ್ಲಬೇಕಾದುದಷ್ಟೇ ಅಲ್ಲ, ಸಂದಿತೆಂದು ಕಾಣಲೂ ಬೇಕು. ನೋಟೀಸಿಲ್ಲದೆ ತೆಗೆಸ'ಬಹುದು' ಎಂದಿರುವ ಕಾಯಿದೆ ಕಮಿಷನರರಿಗೆ ವಿವೇಚನೆಯನ್ನು ಕೊಟ್ಟಿದೆಯೇ ಹೊರತು ನೋಟೀಸು ಕೊಡಕೂಡದೆಂದು ಕಟ್ಟಳೆ ಮಾಡಿಲ್ಲ. ತೀರ ಅಪರೂಪದ ಸಂದರ್ಭವನ್ನುಳಿದು ನೋಟೀಸು ಕೊಡಬೇಕಾದದ್ದೇ ಕ್ರಮ. 'ಬಹುದು' ಎಂಬ ಒಂದು ಕ್ರಿಯಾರೂಪದ ಮೇಲೆ ಲಕ್ಷಾಂತರ ಜನರ ರಾತ್ರಿಯ ನಿದ್ದೆ ನಿಂತಿತ್ತು. ವ್ಯಾಕರಣ ಪಾಠ ಹೇಳಿದವರಿಗೆ ಇದಕ್ಕಿಂತ ಹೆಚ್ಚಿನ ಸಮಾಧಾನ ಬೇಕಿಲ್ಲ.

1985ರ ಜುಲೈ 10ರಂದು ಐವರು ನ್ಯಾಯಮೂರ್ತಿಗಳ ಪೀಠದ ತೀರ್ಪು ಹೊರಬಿದ್ದಿತು. ಬರೆದವರು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರು, ಮರುದಿನವೇ ಅವರ ನಿವೃತ್ತಿ. ತೀರ್ಪಿನ ಆರಂಭದ ಪುಟಗಳನ್ನು ಓದಿದವರಿಗೆ ಅವು ಕಚೇರಿಯ ಬರಹವೆಂದು ತೋರುವುದಿಲ್ಲ. ಕೊಳಕಿನ ನಡುವೆ, ನಾಯಿ ಬೆಕ್ಕು ಹೆಗ್ಗಣಗಳ ಸಂಗಡ, ಉಣ್ಣುವ ಎಡೆಯಲ್ಲಿಯೇ ಮಲವಿಸರ್ಜನೆಯೂ ಆಗಬೇಕಾದ ಬಾಳನ್ನು ಅಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಸ್ನಾನಕ್ಕೆ ಮರೆಯಿಲ್ಲದ ಬೆಳೆದ ಹುಡುಗಿಯರನ್ನು ಕಂಡಿದ್ದಾರೆ. ನಗರದ ಜನಸಂಖ್ಯೆಯ ಅರ್ಧಕ್ಕೆ ಸಮೀಪದಷ್ಟು ಮಂದಿ ಕೊಳೆಗೇರಿಗಳಲ್ಲಿ ಮತ್ತು ಬೀದಿಬದಿಯಲ್ಲಿ ಇದ್ದಾರೆಂದು ಬರೆದಿದ್ದಾರೆ. ಆಮೇಲೆ ವಿಚಾರಕ್ಕೆ ಬರುತ್ತಾರೆ. ಬದುಕುವ ಹಕ್ಕಿನಲ್ಲಿ ಬದುಕಿಗೆ ಬೇಕಾದ ಉಪಾಯವೂ ಸೇರಿದೆ. ಉಪಾಯವನ್ನು ಕಿತ್ತುಕೊಳ್ಳುವುದೇ ಬದುಕನ್ನು ಕಿತ್ತುಕೊಳ್ಳುವ ಅತಿ ಸುಲಭವಾದ ದಾರಿ. ಈ ಜನ ಅಪರಾಧದ ಉದ್ದೇಶದಿಂದ ಅಲ್ಲಿ ಸೇರಿದವರಲ್ಲ, ಬೇರೆ ಗತಿಯಿಲ್ಲದೆ ಸೇರಿದವರು.

ಇಷ್ಟನ್ನೆಲ್ಲ ಹೇಳಿದ ಮೇಲೆ ತೀರ್ಪು ಬೀದಿಬದಿಯವರ ಕಡೆಗೇ ಆಯಿತೆಂದು ಯಾರಾದರೂ ಊಹಿಸುವುದು ಸಹಜ. ಆಗಲಿಲ್ಲ. ಬದುಕುವ ಹಕ್ಕು ನಿರಂಕುಶವಲ್ಲ, ನ್ಯಾಯವಾದ ಕ್ರಮದಿಂದ ಅದನ್ನೂ ಮಿತಗೊಳಿಸಬಹುದು. ಫುಟ್‌ಪಾತು ಇರುವುದು ನಡೆಯುವವರಿಗಾಗಿ, ಅದನ್ನು ಯಾರೂ ಸ್ವಂತದ ಮನೆಯಾಗಿ ಮಾಡಿಕೊಳ್ಳುವಂತಿಲ್ಲ. 314ನೆಯ ಪ್ರಕರಣ ಸಂವಿಧಾನಕ್ಕೆ ವಿರುದ್ಧವಲ್ಲ. ಇನ್ನು ನೋಟೀಸು ಕೊಡದೆ ಹೋದ ತಪ್ಪು? ಸಾಮಾನ್ಯವಾಗಿ ಆದರೆ ಕಮಿಷನರರು ಇವರ ಅಹವಾಲನ್ನು ಕೇಳಲೆಂದು ಆಜ್ಞೆ ಮಾಡುತ್ತಿದ್ದೆವು. ಆದರೆ ಅವರು ಕೊಡದ ಅವಕಾಶವನ್ನು ನಾವೇ ಧಾರಾಳವಾಗಿ ಕೊಟ್ಟಿದ್ದೇವೆ, ಎರಡೂ ಕಡೆಯವರು ವಿಸ್ತಾರವಾಗಿ ವಾದಿಸಿದ್ದಾರೆ ಎಂದಿತು ನ್ಯಾಯಾಲಯ. ದಿಲ್ಲಿಯಲ್ಲಿ ವಕೀಲರು ಆಡಿದ ಮಾತೇ ಮುಂಬಯಿಯ ಪ್ರತಿಯೊಂದು ಗೂಡಿನವನ ಅಹವಾಲೂ ಆಗಿಬಿಟ್ಟಿತು. ಇದನ್ನು ನಾನು ಒಪ್ಪಲಾರೆ. ತುಳಸೀವಾಡಿಯ ವಿಧವೆಯೊಬ್ಬಳಿಗೆ ಹೇಳಿಕೊಳ್ಳಲು ತನ್ನದೇ ಆದ ಬೇರೆ ಮಾತಿದ್ದಿರಬಹುದು. ಕೇಳಿದ ಮೇಲೆಯೇ ತಿಳಿಯುವುದೆಂದು ಆಗತಾನೆ ಸಾರಿದ್ದ ನ್ಯಾಯಾಲಯ, ಅದನ್ನು ಅವಳ ಬಾಯಿಂದ ಕೇಳಿಸಲಿಲ್ಲ.

ಆದರೂ ತೀರ್ಪಿನ ಕೊನೆಯಲ್ಲಿ ಕೆಲವು ಕಟ್ಟುಗಳನ್ನು ವಿಧಿಸಿದರು. 1976ರ ಗಣತಿಯಲ್ಲಿ ಎಣಿಸಲ್ಪಟ್ಟವರಿಗೆ ಮಾಲವಣಿಯಲ್ಲಿ ಅಥವಾ ಬೇರೆಡೆ ಬದಲಿ ನಿವೇಶನ ಕೊಡಬೇಕು. ಇಪ್ಪತ್ತು ವರ್ಷಕ್ಕಿಂತ ಹಳೆಯದಾದ, ಸುಧಾರಣೆಗೊಂಡ ಬಸ್ತಿಗಳನ್ನು ಸಾರ್ವಜನಿಕ ಕಾರ್ಯಕ್ಕೆ ಬೇಕಾದಾಗಲ್ಲದೆ ತೆಗೆಯಕೂಡದು. ಏನೇ ಆದರೂ 1985ರ ಅಕ್ಟೋಬರ್ 31ರ ತನಕ, ಎಂದರೆ ಮಳೆಗಾಲ ಮುಗಿದು ಒಂದು ತಿಂಗಳಾಗುವ ತನಕ, ಯಾರನ್ನೂ ಕದಲಿಸಬಾರದು. ನಾಲ್ಕು ವರ್ಷದ ಹೋರಾಟದಿಂದ ಕೈಗೆ ಬಂದದ್ದು ಇನ್ನೊಂದು ಮಳೆಗಾಲ. ಹಾಗೆಂದು ಹಗುರವಾಗಿ ನೋಡುವುದು ಸರಿಯಲ್ಲ. ಜೀವನೋಪಾಯವೂ ಜೀವದ ಭಾಗವೆಂಬ ಮಾತು ನಮ್ಮ ನ್ಯಾಯಶಾಸ್ತ್ರದಲ್ಲಿ ಬೇರೂರಿದ್ದು ಇಲ್ಲಿಂದ. ಸೋತವರು ಬಿಟ್ಟುಹೋದ ಆಯುಧವನ್ನು ಮುಂದೆ ಬಂದವರು ಎತ್ತಿಕೊಂಡರು.

ಆ ಮಳೆಗಾಲವೂ ವ್ಯರ್ಥವಾಗಲಿಲ್ಲ. ಸ್ಪಾರ್ಕ್ ಎಂಬ, ಆಗಿನ್ನೂ ಒಂದು ವರ್ಷದ ಕೂಸಾಗಿದ್ದ ಸಂಸ್ಥೆಯವರು ಭಾಯಖಳಾ ಸುತ್ತಿನ ಬೀದಿಬದಿಯ ಹೆಂಗಸರೊಡನೆ ಸೇರಿ ಗೂಡಿನಿಂದ ಗೂಡಿಗೆ ನಡೆದು ಜನರನ್ನು ಎಣಿಸಿದರು. ಸುಮಾರು 6,000 ಕುಟುಂಬಗಳ ವಿವರಗಳಿದ್ದ ಆ ಗಣತಿಯ ಪುಸ್ತಕಕ್ಕೆ ಅವರಿಟ್ಟ ಹೆಸರು 'ಕಾಣದವರು ನಾವು' ಎಂಬ ಅರ್ಥದ್ದು. ನಿನ್ನೆ ಬಂದ ಅಲೆಮಾರಿಗಳೆಂದು ಎಣಿಸಿದ್ದವರು ಎಷ್ಟೋ ವರ್ಷಗಳಿಂದ ಅಲ್ಲಿಯೇ ಇದ್ದು ದುಡಿದವರೆಂದು ಅದರಿಂದ ಬೆಳಕಿಗೆ ಬಂದಿತು. 1986ರಲ್ಲಿ ಆ ಹೆಂಗಸರೇ ಮಹಿಳಾ ಮಿಲನ್ ಎಂಬ ಕೂಟ ಕಟ್ಟಿಕೊಂಡರು. ಹತ್ತು ವರ್ಷಗಳ ನಂತರ, 1995ರ ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ, ಬೀದಿಬದಿಯವರೂ ಮನೆ ಪಡೆಯಲು ಅರ್ಹರೆಂದು ಮಹಾರಾಷ್ಟ್ರ ಸರ್ಕಾರ ಒಪ್ಪಿತು. ತೀರ್ಪಿನಲ್ಲಿ ಸಿಗದದ್ದು ಎಣಿಕೆಯ ಪುಸ್ತಕದಿಂದ ಸಿಕ್ಕಿತೆಂದು ಹೇಳಿದರೆ ವಕೀಲರಿಗೆ ಅನ್ಯಾಯವಾದೀತು. ಆ ಪುಸ್ತಕ ಬರೆಯಲು ಬೇಕಾದ ಸಮಯವನ್ನು ಗಳಿಸಿಕೊಟ್ಟವರು ಅವರು.

ನ್ಯಾಯಾಲಯಗಳ ಮನಸ್ಸು ಮುಂದೆ ಒಂದೇ ದಿಕ್ಕಿಗೆ ಹರಿಯಲಿಲ್ಲ. 1990ರ ಶಾಂತಿಸ್ಟಾರ್ ಬಿಲ್ಡರ್ಸ್ ಪ್ರಕರಣದಲ್ಲಿ, ಬದುಕುವ ಹಕ್ಕಿನಲ್ಲಿ ಯೋಗ್ಯವಾದ ವಸತಿಯೂ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯ ನುಡಿಯಿತು. 'ಮನೆ' ಎಂಬ ಮಾತು ಹಿತ್ತಿಲನ್ನು ಬಿಟ್ಟು ಮುಂಬಾಗಿಲಿಗೆ ಬಂದಂತಾಯಿತು. ಆದರೆ 2000ದಲ್ಲಿ ದಿಲ್ಲಿಯ ಕಸದ ವಿಲೇವಾರಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ, ಸರ್ಕಾರಿ ಜಾಗ ಒತ್ತಿದವನಿಗೆ ಬದಲಿ ನಿವೇಶನ ಕೊಡುವುದನ್ನು ಜೇಬುಗಳ್ಳನಿಗೆ ಬಹುಮಾನ ಕೊಡುವುದಕ್ಕೆ ಹೋಲಿಸಿತು. ಹದಿನೈದು ವರ್ಷ ಹಿಂದೆ 'ಗತಿಯಿಲ್ಲದವನು' ಆಗಿದ್ದವನು ಈಗ ಕಳ್ಳ. ಅದೂ ಕಸದ ವಿಚಾರದ ನಡುವೆ! ಉಪಮೆಯೊಂದು ಎಷ್ಟು ಕೇಡು ಮಾಡಬಲ್ಲುದೆಂಬುದನ್ನು ಅಲಂಕಾರಶಾಸ್ತ್ರದಲ್ಲಿ ಯಾರೂ ಬರೆದಿಲ್ಲ. 2010ರಲ್ಲಿ ಗಾಳಿ ಮತ್ತೆ ತಿರುಗಿತು. ಸುದಾಮಾ ಸಿಂಗ್ ಪ್ರಕರಣದಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು, ಎಬ್ಬಿಸುವ ಮೊದಲು ಅಲ್ಲಿರುವವರ ಸಮೀಕ್ಷೆ ನಡೆಸಬೇಕು, ಅವರೊಡನೆ ಅರ್ಥವುಳ್ಳ ಮಾತುಕತೆಯಾಗಬೇಕು ಎಂದಿತು. ಮಾತುಕತೆಯ ಈ ಕಲ್ಪನೆ ಬಂದದ್ದು ದಕ್ಷಿಣ ಆಫ್ರಿಕದ ತೀರ್ಪುಗಳಿಂದ. ಅಲ್ಲಿನ ಸಂವಿಧಾನದಲ್ಲಿ ವಸತಿಯ ಹಕ್ಕು ಸ್ಪಷ್ಟ ಅಕ್ಷರಗಳಲ್ಲಿಯೇ ಇದೆ. ಆದರೆ 2000ದಲ್ಲಿ ಆ ಹಕ್ಕಿನ ಮೊಕದ್ದಮೆ ಗೆದ್ದ ಐರೀನ್ ಗ್ರೂಟ್‌ಬೂಮ್ ಎಂಬಾಕೆ ಸ್ವಂತ ಮನೆ ಕಾಣದೆ 2008ರಲ್ಲಿ ಗುಡಿಸಲಿನಲ್ಲಿಯೇ ತೀರಿಕೊಂಡಳು.

2024ರ ನವೆಂಬರ್ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಕಟ್ಟಡಗಳನ್ನು ಕೆಡವುವ ವಿಷಯವಾಗಿ ದೇಶಕ್ಕೆಲ್ಲ ಅನ್ವಯಿಸುವ ಆಜ್ಞೆಗಳನ್ನು ಹೊರಡಿಸಿತು. ಆರೋಪಿಗಳ ಮನೆಗಳ ಮೇಲೆ ಬುಲ್ಡೋಜರ್ ಹರಿಸುತ್ತಿದ್ದ ಪರಿಪಾಠಕ್ಕೆ ತಡೆಯೊಡ್ಡಿದ ಆಜ್ಞೆ ಅದು, ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಹದಿನೈದು ದಿನಗಳ ನೋಟೀಸು ಇರಬೇಕು, ಅದು ರಿಜಿಸ್ಟರ್ ಅಂಚೆಯಲ್ಲಿ ಹೋಗಬೇಕು, ಕಟ್ಟಡದ ಹೊರಮೈಗೆ ಅಂಟಿಸಬೇಕು, ಮಾಲೀಕನನ್ನು ಕರೆದು ಕೇಳಬೇಕು. ಆದರೆ ರಸ್ತೆ, ಫುಟ್‌ಪಾತು, ರೈಲುಹಳಿಯ ಬದಿ, ಹೊಳೆಕೆರೆಗಳ ಜಾಗ, ಇವುಗಳ ಮೇಲಿನ ಅನಧಿಕೃತ ಕಟ್ಟಡಗಳಿಗೆ ಈ ಆಜ್ಞೆಗಳು ಅನ್ವಯಿಸುವುದಿಲ್ಲವೆಂದೂ ಅಲ್ಲಿಯೇ ಬರೆದಿದೆ. ರಿಜಿಸ್ಟರ್ ಅಂಚೆಗೆ ಬಾಗಿಲ ಸಂಖ್ಯೆ ಬೇಕು. ನೋಟೀಸು ಅಂಟಿಸಲು ಗೋಡೆ ಬೇಕು. ಪ್ಲಾಸ್ಟಿಕ್ ಹಾಳೆಯ ಮರೆಯಲ್ಲಿ ಮಲಗಿದವನು ಇಂದಿಗೂ ಕೈಯಲ್ಲಿ ಹಿಡಿದು ತೋರಿಸಬಹುದಾದ ಕಾಗದವೆಂದರೆ 1985ರ ಜುಲೈ 10ರ ಆ ತೀರ್ಪು.